ಶುದ್ಧ ಶಕ್ತಿಯೂ ಗಣಿಯ ಋಣವೂ

ಉದ್ದೇಶವು ಒಳ್ಳೆಯದಾಗಿದ್ದ ಮಾತ್ರಕ್ಕೆ, ಅದಕ್ಕಾಗಿ ತಂದ ವಸ್ತುವನ್ನು ಹೇಗೆ ತಂದೆವೆಂದು ವಿಚಾರಿಸುವ ಅಗತ್ಯವಿಲ್ಲವೆ? ಕನ್ನಡಿಗರಿಗೆ ಈ ಪ್ರಶ್ನೆ 12ನೆಯ ಶತಮಾನದಷ್ಟು ಹಳೆಯದು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅದನ್ನು ಕಂಡ ಹೆಂಡತಿ ಲಕ್ಕಮ್ಮ, ಈ ಆಸೆ ನಮಗೆ ತಕ್ಕುದಲ್ಲವೆಂದು ಹೇಳಿ, ಹೆಚ್ಚಾದುದನ್ನು ಎಲ್ಲಿಂದ ತಂದನೋ ಅಲ್ಲಿಗೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಸೇರಬೇಕಾಗಿದ್ದುದು ಹಸಿದ ಜಂಗಮರ ಹೊಟ್ಟೆಯನ್ನು. ಅದಕ್ಕಿಂತ ಒಳ್ಳೆಯ ಉದ್ದೇಶ ಬೇರೊಂದುಂಟೆ? ಆದರೂ ಲಕ್ಕಮ್ಮ ಅಕ್ಕಿಯನ್ನು ಪರೀಕ್ಷಿಸಿದ್ದು ಅದನ್ನು ಬಡಿಸುವ ಎಲೆಯ ಬಳಿಯಲ್ಲಲ್ಲ, ಅದನ್ನು ಎತ್ತಿಕೊಂಡ ನೆಲದ ಬಳಿಯಲ್ಲಿ. ಈ ಪರೀಕ್ಷೆಯನ್ನು ನಮ್ಮ ಕಾಲದ ಒಂದು ದೊಡ್ಡ ಕಾರ್ಯಕ್ಕೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

ಆ ಕಾರ್ಯ ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಪಶ್ಚಿಮ ಘಟ್ಟಗಳ ಸಾಲು ಪಾಲಕ್ಕಾಡಿನ ಬಳಿ ಸುಮಾರು 30 ಕಿಲೋಮೀಟರು ಅಗಲಕ್ಕೆ ಕಡಿದಿದೆ. ಮುಂಗಾರಿನ ಗಾಳಿ ಆ ಬಾಗಿಲಿನಿಂದ ನುಗ್ಗಿ ಕೊಯಮುತ್ತೂರು, ತಿರುಪ್ಪೂರು ಜಿಲ್ಲೆಗಳ ಬಯಲಿನ ಮೇಲೆ ಹಾಯುತ್ತದೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರೀತೆಂಬುದು ಈ ಸೀಮೆಯ ತಮಿಳು ಗಾದೆ. ಮಡತ್ತುಕುಳಂ, ಉಡುಮಲಪೇಟೆಗಳ ಸುತ್ತಿನಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ, ಒಕ್ಕಲಿಗ ಕುಟುಂಬಗಳಿಗೂ ಈ ಗಾದೆ ಹೊಸದಲ್ಲ. ಹಿಂದಿನವರಿಗೆ ಈ ಗಾಳಿ ನೇಯ್ಗೆಯ ನೂಲನ್ನು ಕಡಿಯುವ, ಬಿತ್ತಿದ ಹೊಲವನ್ನು ಒಣಗಿಸುವ ಕಾಟವಾಗಿತ್ತು. ಈಗ ಅದೇ ಗಾಳಿ ಬೆಳಕಾಗುತ್ತಿದೆ, ಪಂಪುಸೆಟ್ಟಿನಲ್ಲಿ ನೀರಾಗಿ ಏರುತ್ತಿದೆ. ಬಯಲಿನಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳಿಗೆ ಹೊಗೆಯಿಲ್ಲ, ಬೂದಿಯಿಲ್ಲ. ಇವು ನೀಡುವ ವಿದ್ಯುತ್ತನ್ನು ಲೋಕವು ‘ಶುದ್ಧ ಶಕ್ತಿ’ ಎಂದು ಕರೆಯುವುದು ಸಹಜವೇ ಆಗಿದೆ.

ಈ ಹೊಗಳಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಭಾರತವು 2024-25ನೆಯ ಸಾಲಿನಲ್ಲಿ ಅಗೆದ ಕಲ್ಲಿದ್ದಲು 100 ಕೋಟಿ ಟನ್ನುಗಳನ್ನು ಮೀರಿತು. ಅದರ ಹೊಗೆ ಭೂಮಿಯ ತಾಪವನ್ನು ಏರಿಸುತ್ತಿದೆ. ಆ ತಾಪದ ದಂಡವನ್ನು ಮೊದಲು ತೆರುವವರು ಮಳೆಯನ್ನು ನಂಬಿದ ರೈತರು ಮತ್ತು ಬಿಸಿಲಲ್ಲಿ ದುಡಿಯುವ ಕೂಲಿಗಳು. ಆದ್ದರಿಂದ ಇದ್ದಲಿನಿಂದ ಗಾಳಿಗೂ ಬಿಸಿಲಿಗೂ ಹೊರಳುವುದು ಧರ್ಮವೇ ಸರಿ. ಆದರೆ ಗಾಳಿಯೊಂದೇ ವಿದ್ಯುತ್ತಾಗುವುದಿಲ್ಲವೆಂಬುದನ್ನೂ ನೆನೆಯಬೇಕು. ಅದನ್ನು ಹಿಡಿಯುವ ಕಂಬಕ್ಕೆ ಉಕ್ಕು ಬೇಕು, ಸುರುಳಿಗೆ ತಾಮ್ರ ಬೇಕು, ಕೆಲವು ಬಗೆಯ ಯಂತ್ರಗಳ ಅಯಸ್ಕಾಂತಕ್ಕೆ ನಿಯೋಡಿಮಿಯಂ, ಡಿಸ್ಪ್ರೋಸಿಯಂ ಮೊದಲಾದ ವಿರಳ ಲೋಹಗಳು ಬೇಕು. ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಗೆ ಲಿಥಿಯಂ, ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್, ಗ್ರಾಫೈಟುಗಳು ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2021ರಲ್ಲಿ ಮಾಡಿದ ಲೆಕ್ಕದಂತೆ, ಉಕ್ಕು ಅಲ್ಯುಮಿನಿಯಂಗಳನ್ನು ಬಿಟ್ಟು ಎಣಿಸಿದರೂ, ನೆಲದ ಮೇಲಿನ ಗಾಳಿ ವಿದ್ಯುತ್ ಕೇಂದ್ರಕ್ಕೆ ಅಷ್ಟೇ ಸಾಮರ್ಥ್ಯದ ಅನಿಲ ವಿದ್ಯುತ್ ಕೇಂದ್ರಕ್ಕಿಂತ 9 ಪಟ್ಟು ಖನಿಜ ಬೇಕು; ವಿದ್ಯುತ್ ಕಾರಿಗೆ ಸಾಧಾರಣ ಕಾರಿಗಿಂತ 6 ಪಟ್ಟು ಬೇಕು. ಅಂದರೆ ಆಕಾಶವನ್ನು ಶುದ್ಧಗೊಳಿಸುವ ಕೆಲಸ ನೆಲವನ್ನು ಅಗೆಯುವುದರಿಂದಲೇ ಆರಂಭವಾಗುತ್ತದೆ.

ಇಲ್ಲೊಂದು ತೊಡಕುಂಟು. ಅಂಗಡಿಯಲ್ಲಿ ಕೊಂಡ ಸೀರೆ ಯಾವ ಊರಿನ ಮಗ್ಗದ್ದೆಂದು ನೇಯ್ಗೆ ಬಲ್ಲವರು ಅಂಚನ್ನು ನೋಡಿ ಹೇಳಬಲ್ಲರು. ಲೋಹಕ್ಕೆ ಇಂತಹ ಅಂಚಿಲ್ಲ. ಕುಲುಮೆಯಲ್ಲಿ ಕರಗಿದೊಡನೆ ಅದು ತನ್ನ ಹುಟ್ಟೂರನ್ನು ಮರೆತುಬಿಡುತ್ತದೆ. ನ್ಯಾಯವಾಗಿ ಅಗೆದ ಅದಿರೂ ಕದ್ದು ಅಗೆದ ಅದಿರೂ ಒಂದೇ ಕಂಬದಲ್ಲಿ ಒಂದಾಗಿ ನಿಲ್ಲುತ್ತವೆ. ನಮ್ಮ ಬಯಲಿನ ಗಾಳಿಯಂತ್ರದ ಉಕ್ಕು ಯಾವ ಬೆಟ್ಟದ್ದು, ಆ ಬೆಟ್ಟದ ಬುಡದಲ್ಲಿ ಯಾರ ಮನೆಯಿತ್ತು ಎಂದು ಕಂಬವನ್ನು ನೋಡಿ ಹೇಳುವಂತಿಲ್ಲ. ಹೇಳಲಾಗದುದರಿಂದ ನಾವು ಕೇಳುವುದನ್ನೂ ಬಿಟ್ಟಿದ್ದೇವೆ.

ಕನ್ನಡದಲ್ಲಿ ‘ಮಡಿ’ ಎಂಬ ಮಾತೊಂದಿದೆ, ‘ಶುಚಿ’ ಎಂಬ ಮಾತೊಂದಿದೆ. ಎರಡೂ ಒಂದೇ ಎಂದು ತೋರಿದರೂ ಒಂದೇ ಅಲ್ಲ. ಮಡಿಯೆಂಬುದು ಕೊಳೆಯನ್ನು ದೂರವಿರಿಸುವ ಏರ್ಪಾಡು. ಮಡಿಯುಟ್ಟವರು ಯಾರನ್ನೂ ಮುಟ್ಟುವುದಿಲ್ಲ. ಆದರೆ ಆ ಬಟ್ಟೆಯ ಕೊಳೆಯನ್ನು ಹಿಂದೆ ಯಾರೋ ತಮ್ಮ ಕೈಯಾರೆ ತೊಳೆದಿರುತ್ತಾರೆ. ಮಡಿಯನ್ನು ಕೊಟ್ಟವನನ್ನೇ ಮಡಿಯ ಹೊರಗೆ ನಿಲ್ಲಿಸಿದ ವಿಪರ್ಯಾಸ ನಮ್ಮ ಸಮಾಜಕ್ಕೆ ಪರಿಚಿತವಾದುದೇ. ಶುಚಿಯಾದರೋ ಕೊಳೆಯನ್ನು ನಿಜವಾಗಿ ತೊಡೆಯುವ ಕೆಲಸ. ಹೊಗೆ ನಮ್ಮ ಊರಿನಿಂದ ಹೋಗಿ, ಧೂಳು ಮತ್ತೊಂದು ಊರಿಗೆ ಬಂದರೆ, ನಮಗೆ ದೊರೆತುದು ಮಡಿ ಮಾತ್ರ. ಶುದ್ಧ ಶಕ್ತಿಯೆಂಬ ಹೆಸರು ಸಾರ್ಥಕವಾಗಬೇಕಾದರೆ ಗಣಿಯ ಅಂಚಿನಲ್ಲಿ ನಿಂತವನಿಗೂ ಅದು ಶುದ್ಧವೆನಿಸಬೇಕು.

ಶುದ್ಧ ಶಕ್ತಿಗೂ ಗಣಿಗೂ ಇರುವ ನಂಟು ನಿನ್ನೆಯದಲ್ಲ. ಕಾವೇರಿಯ ಶಿವನಸಮುದ್ರದಲ್ಲಿ 1902ರ ಜೂನ್ ತಿಂಗಳಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದುದು ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದುದು 1905ರಲ್ಲಿ. ನೀರಿನಿಂದ ಹುಟ್ಟಿದ, ಹೊಗೆಯಿಲ್ಲದ ಆ ವಿದ್ಯುತ್ತು ಇಂದಿನ ಅಳತೆಗೆ ಅಪ್ಪಟ ಶುದ್ಧ ಶಕ್ತಿ. ಆದರೆ ಅದು ಮುಟ್ಟಿದ ಗಣಿಯೊಳಗೆ ಆಗುತ್ತಿದ್ದುದೇನು? ಮೂರು ಕಿಲೋಮೀಟರಿಗೂ ಆಳವಾದ ಸುರಂಗಗಳಲ್ಲಿ ಬಂಡೆಗಳು ಸಿಡಿದು ಜನ ಸತ್ತರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಎಷ್ಟೋ ಮಂದಿ ಉಸಿರು ಕಟ್ಟಿ ನವೆದರು. ಹಾಗೆ ದುಡಿದವರಲ್ಲಿ ಬಹುಮಂದಿ ತಮಿಳು ಜಿಲ್ಲೆಗಳಿಂದ ಹೋದವರು. ಕನ್ನಡ ಕುಟುಂಬಗಳು ತಮಿಳು ನೆಲಕ್ಕೆ ಬಂದು ನೆಲೆಸಿದಂತೆ, ತಮಿಳು ಕುಟುಂಬಗಳು ಕನ್ನಡ ನೆಲದ ಪಾತಾಳಕ್ಕೆ ಇಳಿದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋಗಬೇಕಾದಲ್ಲಿಗೆ ಹೋಯಿತು. ಊರಿಗೆ ಉಳಿದುದು ನಿರುದ್ಯೋಗ ಮತ್ತು ಅದಿರಿನಿಂದ ಚಿನ್ನವನ್ನು ಹಿಂಡಿದ ಮೇಲೆ ಸುರಿದ ಸೈನೈಡ್ ಗುಡ್ಡಗಳು. ಗಾಳಿಗಾಲದಲ್ಲಿ ಆ ಗುಡ್ಡಗಳ ಧೂಳು ಮನೆಗಳೊಳಕ್ಕೆ ಬರುತ್ತದೆ. ಶಕ್ತಿ ಶುದ್ಧವಾಗಿದ್ದ ಮಾತ್ರಕ್ಕೆ ಗಣಿ ಶುದ್ಧವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದನ್ನು ಕೇಳಿ ಕೆಲವರು, ಹಾಗಾದರೆ ಗಣಿಯೇ ಬೇಡ, ಗಾಳಿಯಂತ್ರವೂ ಬೇಡ, ಎಲ್ಲವೂ ಒಂದೇ ಪಾಪ ಎನ್ನಬಹುದು. ಈ ಮಾತು ವೈರಾಗ್ಯದಂತೆ ಕಂಡರೂ ವಿವೇಕವಲ್ಲ. ಇದ್ದಲನ್ನು ಉರಿಸಿದರೆ ಬೂದಿ ಉಳಿಯುತ್ತದೆ. ನಾಳೆಯ ಬೆಂಕಿಗೆ ನಾಳೆ ಮತ್ತೆ ಅಗೆಯಬೇಕು. ಲೋಹವು ಹಾಗೆ ಉರಿದುಹೋಗುವುದಿಲ್ಲ. ಯಂತ್ರ ಮುದಿಯಾದಾಗ ಅದರ ತಾಮ್ರವನ್ನು, ಉಕ್ಕನ್ನು ಕರಗಿಸಿ ಮತ್ತೆ ಬಳಸಬಹುದು. ಬಂಡವಾಳವನ್ನು ಕಾಪಾಡಿ ಅದರ ಫಲವನ್ನು ಉಣ್ಣುವವನಿಗೂ ಬಂಡವಾಳವನ್ನೇ ತಿಂದು ಮುಗಿಸುವವನಿಗೂ ಇರುವ ಅಂತರ ಇಲ್ಲಿದೆ. ಆದುದರಿಂದ ಗಣಿ ಅನಿವಾರ್ಯವೆಂದು ಒಪ್ಪೋಣ. ಒಪ್ಪಿದ ಮೇಲೆ, ಅಗೆಯುವವನು ಯಾರಿಗೆ ಹೊಣೆ ಎಂಬ ಪ್ರಶ್ನೆ ಉಳಿಯುತ್ತದೆ. ನಾವು ಕಂಡ ಮಟ್ಟಿಗೆ ಈ ಹೊಣೆಗೆ ಮೂರು ಮುಖಗಳುಂಟು: ಮಿತಿ, ಸಮ್ಮತಿ, ಸಮಾಪ್ತಿ.

ಮಿತಿಯ ಪಾಠವನ್ನು ನಮಗೆ ಕಲಿಸಿದುದು ಬಳ್ಳಾರಿ. ಈ ಶತಮಾನದ ಮೊದಲ ವರ್ಷಗಳಲ್ಲಿ ಹೊರದೇಶದಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಏರಿದಾಗ ಸಂಡೂರು, ಹೊಸಪೇಟೆಗಳ ಬೆಟ್ಟಗಳನ್ನು ಗುತ್ತಿಗೆಯ ಗಡಿ ಮೀರಿ, ಅರಣ್ಯವನ್ನೂ ಸೇರಿಸಿ ಕೊರೆದರು. ಕೆಂಧೂಳು ಹೊಲದ ಪೈರಿನ ಮೇಲೆ ಹಾಸಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2008ರಲ್ಲಿ ಮತ್ತು 2011ರಲ್ಲಿ ಸಲ್ಲಿಸಿದ ವರದಿಗಳು ಈ ಅಕ್ರಮವನ್ನು ಬಿಚ್ಚಿಟ್ಟವು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿ, ಘೋರ ತಪ್ಪೆಸಗಿದವರ ಗುತ್ತಿಗೆಗಳನ್ನು ರದ್ದು ಮಾಡಿತು. ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಯಿಲ್ಲದೆ ಯಾರೂ ಮತ್ತೆ ಅಗೆಯಬಾರದೆಂದು ವಿಧಿಸಿತು. ಬಳ್ಳಾರಿಯಲ್ಲಿ ವರ್ಷಕ್ಕೆ 2.5 ಕೋಟಿ ಟನ್ನು, ಚಿತ್ರದುರ್ಗ ತುಮಕೂರುಗಳಲ್ಲಿ 50 ಲಕ್ಷ ಟನ್ನು ಎಂಬ ಮಿತಿಯೂ ಜಾರಿಗೆ ಬಂದಿತು. ಮುಂದೆ ನ್ಯಾಯಾಲಯವೇ ಈ ಮಿತಿಯನ್ನು ಸಡಿಲಿಸಿದೆ. ಆದರೆ ಬೆಟ್ಟದಿಂದ ವರ್ಷಕ್ಕೆ ಇಷ್ಟೇ ಎಂಬ ಮಾತು ಕನ್ನಡ ನೆಲದಲ್ಲಿ ಕಾನೂನಿನ ಬಾಯಿಂದ ಬಂದುದು ಸಾಮಾನ್ಯ ಸಂಗತಿಯಲ್ಲ. ಲಕ್ಕಮ್ಮ ಕೇಳಿದುದೂ ಇದನ್ನೇ ಅಲ್ಲವೆ?

ಎರಡನೆಯದು ಸಮ್ಮತಿ. ಅದೇ 2013ರ ಏಪ್ರಿಲ್ 18ರಂದು ಅದೇ ನ್ಯಾಯಾಲಯವು ಒಡಿಶಾದ ನಿಯಮಗಿರಿಯನ್ನು ಕುರಿತು ಮತ್ತೊಂದು ತೀರ್ಪು ನೀಡಿತು. ಆ ಬೆಟ್ಟದ ನೆತ್ತಿಯಲ್ಲಿ ಅಲ್ಯುಮಿನಿಯಂ ತೆಗೆಯುವ ಬಾಕ್ಸೈಟ್ ಅದಿರಿದೆ. ಡೋಂಗ್ರಿಯಾ ಕೊಂಧರಿಗೆ ಅದು ದೇವರ ನೆಲೆ. ಅಲ್ಲಿನ ಗ್ರಾಮಸಭೆಗಳನ್ನು ಕೇಳಿಯೇ ಮುಂದುವರಿಯಬೇಕೆಂದು ನ್ಯಾಯಾಲಯ ಹೇಳಿತು. ಆ ವರ್ಷವೇ ಸಭೆ ಸೇರಿದ 12 ಗ್ರಾಮಸಭೆಗಳೂ ಒಂದೇ ದನಿಯಲ್ಲಿ ಬೇಡವೆಂದವು, ಗಣಿ ಬರಲಿಲ್ಲ. ಕೇಳುವುದಕ್ಕೆ ಅರ್ಥ ಬರುವುದು ಬೇಡವೆನ್ನುವ ಅಧಿಕಾರವೂ ಇದ್ದಾಗ. ‘ಹೌದು’ ಎಂಬ ಒಂದೇ ಉತ್ತರಕ್ಕೆ ಎಡೆಯಿರುವ ಪ್ರಶ್ನೆ ಪ್ರಶ್ನೆಯಲ್ಲ, ಶಾಸ್ತ್ರಕ್ಕೆ ಮಾಡುವ ಉಪಚಾರ.

ಇದನ್ನು ಇಂದು ಒತ್ತಿ ಹೇಳಬೇಕಾಗಿದೆ. ಕೇಂದ್ರ ಸರ್ಕಾರವು 2023ರಲ್ಲಿ 30 ಖನಿಜಗಳನ್ನು ದೇಶಕ್ಕೆ ನಿರ್ಣಾಯಕವಾದವುಗಳೆಂದು ಪಟ್ಟಿಮಾಡಿತು; 2025ರ ಜನವರಿಯಲ್ಲಿ ಅವುಗಳಿಗಾಗಿ ಒಂದು ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ನೀಡಿತು. ಹೊರದೇಶವನ್ನೇ ನೆಚ್ಚಿ ಕೂರಬಾರದೆಂಬ ಈ ಕಾಳಜಿ ನ್ಯಾಯವಾದುದೇ. ಆದರೆ 2025ರ ಸೆಪ್ಟೆಂಬರಿನಲ್ಲಿ ಪರಿಸರ ಮಂತ್ರಾಲಯವು ಇಂತಹ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿಯನ್ನೂ ನೀಡಿತು. ಯಾವುದು ಅತ್ಯಂತ ಅವಶ್ಯವೋ ಅದಕ್ಕಾಗಿ ಜನರನ್ನು ಕೇಳಬೇಕಾಗಿಲ್ಲ ಎಂಬುದು ಇದರ ತಾತ್ಪರ್ಯವಾಗುತ್ತದೆ. ನಮ್ಮ ವಿಚಾರ ಇದಕ್ಕೆ ವಿರುದ್ಧವಾದುದು. ಕಾರ್ಯ ಎಷ್ಟು ದೊಡ್ಡದೋ, ಅದಕ್ಕಾಗಿ ಯಾರಿಂದಲೋ ಕಿತ್ತುಕೊಳ್ಳುವ ಪ್ರಲೋಭನೆಯೂ ಅಷ್ಟೇ ದೊಡ್ಡದು. ಆದ್ದರಿಂದ ಕೇಳುವ ಕರ್ತವ್ಯ ಅಲ್ಲಿ ಹೆಚ್ಚಬೇಕೇ ಹೊರತು ಕುಗ್ಗಬಾರದು. ಮಂಡ್ಯ ಜಿಲ್ಲೆಯ ಮರ್ಲಗಲ್ಲ, ಅಲ್ಲಾಪಟ್ಟಣಗಳ ಬಳಿ 1,600 ಟನ್ನು ಲಿಥಿಯಂ ಇರಬಹುದೆಂಬ ಪ್ರಾಥಮಿಕ ಅಂದಾಜು 2021ರಲ್ಲಿ ಪ್ರಕಟವಾಯಿತು. ಅಯಸ್ಕಾಂತಕ್ಕೆ ಬೇಕಾದ ವಿರಳ ಲೋಹಗಳನ್ನು ಹೊತ್ತ ಮೊನಜೈಟ್ ಮರಳು ಕನ್ಯಾಕುಮಾರಿ ಜಿಲ್ಲೆಯ ಮಣವಾಳಕುರಿಚಿಯ ಕಡಲಂಚಿನಲ್ಲಿದೆ. ವಿಕಿರಣ ಸೂಸುವ ಥೋರಿಯಂ ಕೂಡ ಆ ಮರಳಿನಲ್ಲೇ ಇದೆ. ಕಬ್ಬು ಬೆಳೆಯುವ ಮಂಡ್ಯದ ರೈತನೂ ಬಲೆ ಬೀಸುವ ಕನ್ಯಾಕುಮಾರಿಯ ಬೆಸ್ತನೂ ಈ ದೇಶದ ಶುದ್ಧ ಶಕ್ತಿಗೆ ಅಡ್ಡಿಗಳಲ್ಲ. ಆ ಕಾರ್ಯದಲ್ಲಿ ಮೊದಲು ಕೇಳಬೇಕಾದ ಪಾಲುದಾರರು.

ಮೂರನೆಯದು ಸಮಾಪ್ತಿ. ಗಣಿಯನ್ನು ತೆರೆಯುವ ದಿನವೇ ಮುಚ್ಚುವ ದಿನದ ಲೆಕ್ಕವೂ ಆಗಬೇಕು. ಕುದುರೆಮುಖದ ಕಬ್ಬಿಣದ ಅದಿರಿನ ಸಂಸ್ಥೆ 1976ರಲ್ಲಿ ಸ್ಥಾಪನೆಯಾಯಿತು. ಶೋಲೆ ಕಾಡಿನ ನಡುವೆ, ಭದ್ರೆ ಹುಟ್ಟುವ ಸೀಮೆಯಲ್ಲಿ ನಡೆದ ಆ ಗಣಿಯನ್ನು 2005ರ ಕೊನೆಗೆ ಮುಗಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಆಜ್ಞಾಪಿಸಿತು. ಅದರಂತೆ ಅದು ಮುಗಿಯಿತು. ಆದರೆ ಅದಿರನ್ನು ತೊಳೆದ ಕೆಸರನ್ನು ತಡೆದು ನಿಂತ ಲಕ್ಯಾ ಅಣೆಕಟ್ಟಿಗೆ ನಿವೃತ್ತಿಯಿಲ್ಲ. ಅದನ್ನು ಕಾಯುವ ಕೆಲಸ ಆ ಅದಿರಿನಿಂದ ಏನನ್ನೂ ಪಡೆಯದ ಮಕ್ಕಳ ಮಕ್ಕಳಿಗೂ ಬರುತ್ತದೆ. ಇನ್ನು, ಗಣಿ ನಿಂತಾಗ ಕೂಲಿಯೂ ನಿಲ್ಲುತ್ತದೆ. ಕೋಲಾರದಲ್ಲಿಯೂ ಬಳ್ಳಾರಿಯಲ್ಲಿಯೂ ಗಣಿ ನಿಂತ ದಿನ ಮೊದಲು ಬರಿದಾದುದು ಕೂಲಿಕಾರನ ಅನ್ನದ ತಟ್ಟೆ. 1957ರ ಗಣಿ ಕಾನೂನಿಗೆ 2015ರಲ್ಲಿ ಆದ ತಿದ್ದುಪಡಿಯು ಗಣಿ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನಗಳನ್ನು ಏರ್ಪಡಿಸಿ, ನೊಂದ ಜನರ ಹಿತಕ್ಕಾಗಿ ಗುತ್ತಿಗೆದಾರರು ರಾಜಧನದ ಜೊತೆಗೆ ಒಂದು ಭಾಗವನ್ನು ಕೊಡುವಂತೆ ಮಾಡಿದೆ. ಇದು ಒಳ್ಳೆಯ ಏರ್ಪಾಡು. ಆ ಹಣ ಕಟ್ಟಡಗಳಾಗಿ ಮುಗಿಯದೆ ಧೂಳು ಕುಡಿದವರ ಔಷಧವಾಗಿ, ಗಣಿ ಮುಚ್ಚಿದ ಮೇಲೂ ಕೈಹಿಡಿಯುವ ಕಸುಬಾಗಿ ತಲುಪಬೇಕು.

ಇಷ್ಟನ್ನೆಲ್ಲ ಪಾಲಿಸಹೊರಟರೆ ಖರ್ಚು ಹೆಚ್ಚುತ್ತದೆ, ಕಾಲ ಹಿಡಿಯುತ್ತದೆ. ಭೂಮಿಯ ಜ್ವರವೋ ಕಾಯುವುದಿಲ್ಲ ಎಂಬ ಆಕ್ಷೇಪವುಂಟು. ಇದು ಕೇಳಿ ತಳ್ಳಿಬಿಡುವ ಮಾತಲ್ಲ. ತಡವಾದಷ್ಟೂ ಇದ್ದಲಿನ ಹೊಗೆ ಮುಂದುವರಿಯುತ್ತದೆ, ಅದರಿಂದ ಬಳಲುವವರೂ ಬಡವರೇ. ಆದರೆ ಅವಸರದಲ್ಲಿ ಕೇಳದೆ ಅಗೆದ ಗಣಿ ಬೇಗ ಮುಗಿಯುತ್ತದೆಂಬುದೂ ಭ್ರಮೆ. ಬಳ್ಳಾರಿಯಲ್ಲಿ ನಿಯಮವನ್ನು ಮುರಿದು ಓಡಿದ ಲಾರಿಗಳೇ ಕೊನೆಗೆ ಇಡೀ ಜಿಲ್ಲೆಯ ಗಣಿಗೆ ಬೀಗ ಹಾಕಿಸಿದವು. ಖರ್ಚಿನ ಮಾತಿಗೆ ಉತ್ತರ ಇನ್ನೂ ಸರಳ. ಆ ಖರ್ಚು ಈಗಲೂ ಇದೆ. ಅದನ್ನು ಗಣಿಯ ಬಳಿಯ ಜನ ತಮ್ಮ ಉಸಿರಿನಲ್ಲಿ, ಬಾವಿಯ ನೀರಿನಲ್ಲಿ ತೆರುತ್ತಿದ್ದಾರೆ. ದೂರದ ಕಾಂಗೋ ದೇಶದಲ್ಲಿ ಮಕ್ಕಳು ಕೋಬಾಲ್ಟ್ ಅದಿರನ್ನು ಆಯುತ್ತಿರುವುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ಲೋಕಕ್ಕೆ ತಿಳಿಸಿತು. ಶಾಲೆಯಲ್ಲಿರಬೇಕಾದ ಆ ಮಕ್ಕಳು ತೆತ್ತ ಬೆಲೆಯನ್ನು ಬ್ಯಾಟರಿ ಕೊಂಡ ನಾವು ತೆತ್ತಿರಲಿಲ್ಲ. ಹೊಣೆಯರಿತ ಗಣಿಗಾರಿಕೆಯು ಹೊಸ ಖರ್ಚನ್ನು ಹುಟ್ಟಿಸುವುದಿಲ್ಲ. ಬಚ್ಚಿಟ್ಟ ಖರ್ಚನ್ನು ಸರಿಯಾದ ಲೆಕ್ಕಕ್ಕೆ ತರುತ್ತದೆ.

ಆ ಲೆಕ್ಕ ನಮ್ಮ ಬಾಗಿಲಿಗೆ ಬಂದಾಗ ಅದನ್ನು ತಗ್ಗಿಸುವ ನ್ಯಾಯವಾದ ದಾರಿಯೂ ಉಂಟು: ಬೇಕೆನ್ನುವುದನ್ನೇ ತಗ್ಗಿಸುವುದು. ಐವತ್ತು ಜನರಿಗೆ ಐವತ್ತು ವಾಹನಗಳ ಬದಲು ಒಂದು ಬಸ್ಸು, ಎಸೆಯುವುದಕ್ಕೆ ಮುಂಚೆ ರಿಪೇರಿ, ಸತ್ತ ಬ್ಯಾಟರಿಯನ್ನು ತಿಪ್ಪೆಗೆ ಹಾಕದೆ ಹಿಂದಿರುಗಿಸುವುದು. ಬ್ಯಾಟರಿ ತಯಾರಿಸಿದವರೇ ಅದನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆ ಹೊರಬೇಕೆಂದು 2022ರ ನಿಯಮಗಳು ವಿಧಿಸಿವೆ. ಒಮ್ಮೆ ಅಗೆದ ಲೋಹವನ್ನು ನೂರು ಬಾರಿ ಬಳಸುವವನು ಹೊಸದಾಗಿ ಅಗೆಯಬೇಕಾದ ಬೆಟ್ಟಗಳನ್ನು ಉಳಿಸುತ್ತಾನೆ.

ಕೊನೆಯದಾಗಿ, ನಮ್ಮ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಮಾತು. ವಿಜ್ಞಾನದ ಪುಸ್ತಕದಲ್ಲಿ ಗಾಳಿಯಂತ್ರವಿದೆ, ಭೂಗೋಳದ ಪುಸ್ತಕದಲ್ಲಿ ಖನಿಜಗಳ ನಕ್ಷೆಯಿದೆ, ಪೌರನೀತಿಯ ಪುಸ್ತಕದಲ್ಲಿ ಗ್ರಾಮಸಭೆಯಿದೆ. ಈ ಮೂರು ಪಾಠಗಳು ಒಂದೇ ಪಾಠವೆಂದು ತರಗತಿಯಲ್ಲಿ ಯಾರಾದರೂ ತೋರಿಸಿಕೊಡಬೇಕಾಗಿದೆ. ಲೋಹ ತನ್ನ ಹುಟ್ಟೂರನ್ನು ಮರೆತರೂ ಅದನ್ನು ಬಳಸುವ ಮನುಷ್ಯ ಮರೆಯಬೇಕಾಗಿಲ್ಲ. ಈ ವಸ್ತು ಎಲ್ಲಿಯದು, ಅಲ್ಲಿಯವರನ್ನು ಕೇಳಿದರೆ, ಅಗೆದ ಗುಂಡಿಯನ್ನು ಯಾರು ಮುಚ್ಚುವರು ಎಂಬ ಮೂರು ಪ್ರಶ್ನೆಗಳನ್ನು ಹುಡುಗನೊಬ್ಬ ಕೇಳಲು ಕಲಿತರೆ, ನಾಳೆ ಅವನು ಎಂಜಿನಿಯರಾಗಲಿ, ವ್ಯಾಪಾರಿಯಾಗಲಿ, ಮತ ಹಾಕುವ ಬರಿಯ ಪ್ರಜೆಯಾಗಲಿ, ಆ ಪ್ರಶ್ನೆಗಳು ಅವನ ಜೊತೆಗೇ ಹೋಗುತ್ತವೆ. ಈ ಬಯಲಿನ ಗಾಳಿ ಯಾರ ಸೊತ್ತೂ ಅಲ್ಲ. ಅದಕ್ಕೆ ನಾವು ಬೆಲೆ ತೆರಬೇಕಾಗಿಲ್ಲ. ಆದರೆ ಆ ಗಾಳಿಯನ್ನು ಹಿಡಿದುಕೊಟ್ಟ ನೆಲಕ್ಕೂ ಆ ನೆಲದ ಜನಕ್ಕೂ ನಾವು ಸಾಲಗಾರರು. ಸಾಲವನ್ನು ಒಪ್ಪಿಕೊಂಡು ತೀರಿಸುವವರ ಕೈಯಲ್ಲಿ ಮಾತ್ರ ಶುದ್ಧ ಶಕ್ತಿ ಶುದ್ಧವಾಗಿ ಉಳಿದೀತು.